ಬ್ಯಾರನ್ ಕೋಣೆಯಲ್ಲಿ ಎರಡು ರಾತ್ರಿ: ‘ಜೆಂಟ್ರಿ’ ಎಂಬ ಪದವನ್ನು ಮಾರುವ ಒಂದು ತೋಟದ ಬಂಗಲೆ

ಮಡಿಕೇರಿಯಲ್ಲಿ ಸ್ವಂತ ಮನೆಯಿರುವವನು ಅಲ್ಲಿಂದ ಒಂದು ಗಂಟೆಯ ದಾರಿಯಲ್ಲಿರುವ ಹೋಂಸ್ಟೇಗೆ ಹೋಗಿ ಎರಡು ರಾತ್ರಿ ಮಲಗಿ ಬಂದನೆಂದರೆ, ಕೇಳಿದವರು ಮನೆಯಲ್ಲಿ ಏನಾದರೂ ಜಗಳವಾಯಿತೇ ಎಂದು ವಿಚಾರಿಸುತ್ತಾರೆ. ನಡೆದದ್ದು ಅಷ್ಟೇನೂ ಸ್ವಾರಸ್ಯದ ಸಂಗತಿಯಲ್ಲ. ಬೆಂಗಳೂರಿನಲ್ಲಿರುವ ಅಕ್ಕ ಮತ್ತು ಭಾವ ಜನವರಿಯ ಕೊನೆಯ ವಾರ ಕೊಡಗಿಗೆ ಬರುವಾಗ, ಚೆಟ್ಟಳ್ಳಿ ದಾಟಿ ಸಿದ್ದಾಪುರದ ಕಡೆಗೆ ಹೋಗುವ ರಸ್ತೆಯಿಂದ ಒಳಗಿರುವ ಒಂದು ಹಳೆಯ ತೋಟದ ಬಂಗಲೆಯಲ್ಲಿ ಎರಡು ಕೋಣೆಗಳನ್ನು ಕಾದಿರಿಸಿ, ಒಂದರಲ್ಲಿ ನಾನೂ ನನ್ನ ಹೆಂಡತಿಯೂ ಉಳಿಯಲೇಬೇಕೆಂದು ಹಟ ಹಿಡಿದರು. ನಾನು ಮೂವತ್ತು ವರ್ಷ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವನು. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಕಾಗುಣಿತ ನೋಡಿ ಆಮೇಲೆ ಮುಹೂರ್ತ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅಂಥವನನ್ನು ಪದಗಳ ಮೇಲೆಯೇ ಕಟ್ಟಿದ ಹೋಂಸ್ಟೇಗೆ ಕರೆದೊಯ್ದದ್ದು ಭಾವನ ತಪ್ಪು. ಆ ಮನೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ದೂರುಗಳನ್ನು ಮಾಲೀಕರ ಮುಂದೆಯೇ ಹೇಳಿದ್ದೇನೆ, ಅವರು ಕೇಳಿಸಿಕೊಂಡಿದ್ದಾರೆ; ಹುಡುಕುವವರಿಗೆ ಹೊರಗಿನ ಫಲಕವೇ ಗುರುತು ಹೇಳುತ್ತದೆ.

ಫಲಕದಲ್ಲಿರುವುದು ‘ಕೊಡಗಿನ ಜೆಂಟ್ರಿಯ ಆತಿಥ್ಯ’ ಎಂಬ ಸಾಲು. ಜೆಂಟ್ರಿ ಎಂದರೆ ಸ್ಥೂಲವಾಗಿ ಇಂಗ್ಲೆಂಡಿನ ಭೂಮಾಲೀಕ ಮನೆತನಗಳವರು, ವಿವರ ಮುಂದೆ ಬರುತ್ತದೆ. ಒಳಗೆ ನಾಲ್ಕು ಕೋಣೆಗಳಿವೆ. ಡ್ಯೂಕ್ ಕೋಣೆಗೆ ರಾತ್ರಿಯೊಂದಕ್ಕೆ 9,000 ರೂಪಾಯಿ, ಅರ್ಲ್‌ಗೆ 7,000, ಕೌಂಟ್‌ಗೆ 5,500, ಬ್ಯಾರನ್‌ಗೆ 4,500; ಇಬ್ಬರಿಗೆ ಬೆಳಗಿನ ತಿಂಡಿ ಮತ್ತು ರಾತ್ರಿಯ ಊಟ ಇದರಲ್ಲಿಯೇ ಸೇರಿದೆ. ಪ್ರತಿ ಕೋಣೆಯಲ್ಲಿ ಹಾಸಿಗೆಯ ಪಕ್ಕದ ಮೇಜಿನ ಮೇಲೆ ದಪ್ಪ ಕಾಗದದ ಒಂದು ಕಾರ್ಡ್ ಇಟ್ಟಿದ್ದಾರೆ. ಆ ಕೋಣೆಯ ಬಿರುದು ಎಲ್ಲಿಂದ ಬಂತು, ಅದರ ಅರ್ಥವೇನು ಎಂಬ ವಿವರಣೆ ಅದರಲ್ಲಿದೆ. ಸಂಜೆ ಮಾಲೀಕರೇ ಮನೆಯೊಳಗೆ ಮುಕ್ಕಾಲು ಗಂಟೆ ಸುತ್ತಾಡಿಸಿ ಈ ಪದಗಳ ಕಥೆಯನ್ನು ಹೇಳುತ್ತಾರೆ. ಅದಕ್ಕೆ ತಲೆಗೆ 400 ರೂಪಾಯಿ ಪ್ರತ್ಯೇಕ, ಹೆಸರು ‘ಪದಯಾತ್ರೆ’. ಭಾವ ಅದನ್ನು ಪಾದಯಾತ್ರೆಯೆಂದು ಓದಿಕೊಂಡು ಶೂ ಕಟ್ಟಿ, ಜಿಗಣೆಗೆಂದು ಉಪ್ಪಿನ ಪೊಟ್ಟಣವನ್ನೂ ಜೇಬಿನಲ್ಲಿಟ್ಟುಕೊಂಡು ಹಜಾರದಲ್ಲಿ ಸಿದ್ಧರಾಗಿ ನಿಂತಿದ್ದರು.

ಕಟ್ಟಡ ನಿಜಕ್ಕೂ ಚೆನ್ನಾಗಿದೆ. ಮಂಗಳೂರು ಹೆಂಚಿನ ಮಾಡು, ಮೂರು ಕಡೆ ಜಗಲಿ, ಕೆಂಪು ನೆಲ, ಜಗಲಿಯಿಂದ ಇಳಿದರೆ ಕಾಫಿ ಒಣಗಿಸುವ ಕಣ. ನಾವು ಹೋದಾಗ ರೊಬಸ್ಟಾ ಕೊಯ್ಲು ನಡೆದಿತ್ತು. ಬೆಳಿಗ್ಗೆ ಏಳಕ್ಕೇ ಕಣದಲ್ಲಿ ಹಣ್ಣನ್ನು ಹರಡುವ ಸದ್ದಿಗೆ ಎಚ್ಚರವಾಗುತ್ತಿತ್ತು, ಆ ಸದ್ದಿಗೆ ಹಣ ಕೊಟ್ಟರೂ ನಷ್ಟವಿಲ್ಲ. ಡ್ಯೂಕ್ ಕೋಣೆಯಲ್ಲಿ ಗೋಡೆಯ ಶೀತದ ವಾಸನೆ ಇತ್ತು, ಬಿಸಿನೀರು ಎರಡು ಬಕೆಟ್ಟಿಗೆ ಮುಗಿಯುತ್ತಿತ್ತು. ನಾವಿದ್ದ ಬ್ಯಾರನ್ ಕೋಣೆ ಚಿಕ್ಕದಾದರೂ ಒಣಗಿತ್ತು, ಅಡುಗೆಮನೆಗೆ ಹತ್ತಿರವಿತ್ತು. ಇನ್ನು ಇಂಟರ್ನೆಟ್ಟಿನ ಮಾತು ಬೇಡ.

ಮಾಲೀಕರು ಮೂವತ್ತೈದರ ಆಸುಪಾಸಿನ ಯುವಕರು, ಮಾತು ಮೃದು, ಓದುವ ಆಸಕ್ತಿಯುಳ್ಳವರು. ಕಾರ್ಡ್‌ಗಳನ್ನು ಅವರೇ ಬರೆದದ್ದು. ಡ್ಯೂಕ್ ಎಂಬುದು ಲ್ಯಾಟಿನ್ನಿನ ಡುಕ್ಸ್‌ನಿಂದ ಬಂದದ್ದು, ಮುನ್ನಡೆಸುವವನು ಎಂದು ಅರ್ಥ ಎಂದು ಬರೆದಿದ್ದಾರೆ, ಸರಿಯಾಗಿದೆ. ನಮ್ಮ ‘ನಾಯಕ’ ಎಂಬ ಪದವೂ ನಡೆಸು ಎಂಬ ಅರ್ಥದ ಧಾತುವಿನಿಂದಲೇ ಹುಟ್ಟಿದ್ದು, ಹಾಲೇರಿ ಅರಸರು ಬರುವ ಮೊದಲು ಕೊಡಗಿನ ನಾಡುಗಳನ್ನು ಆಳುತ್ತಿದ್ದವರೂ ನಾಯಕರೇ ಎಂಬ ಎರಡು ಸಾಲನ್ನು ಸೇರಿಸಿದ್ದರೆ ಆ ಕಾರ್ಡಿಗೆ ಊರಿನ ಮಣ್ಣು ಹತ್ತುತ್ತಿತ್ತು. ಇಂಗ್ಲೆಂಡಿನಲ್ಲಿ ಈ ಬಿರುದು ಮೊದಲು ಸಿಕ್ಕಿದ್ದು 1337ರಲ್ಲಿ, ಮೂರನೆಯ ಎಡ್ವರ್ಡ್ ತನ್ನ ಮಗನನ್ನು ಕಾರ್ನ್‌ವಾಲ್‌ನ ಡ್ಯೂಕ್ ಮಾಡಿದಾಗ, ಎಂಬ ವಿವರವೂ ಸರಿಯಾಗಿಯೇ ಇದೆ.

ಎಡವಿರುವುದು ಮುಂದಿನ ಎರಡು ಕೋಣೆಗಳಲ್ಲಿ. ಅರ್ಲ್ ಮತ್ತು ಕೌಂಟ್ ಎಂಬುವು ಎರಡು ಬೇರೆ ಬೇರೆ ದರ್ಜೆಗಳಲ್ಲ. ಇಂಗ್ಲೆಂಡಿನ ಬಿರುದುಳ್ಳ ಕುಲೀನರಾದ ಪಿಯರ್‌ಗಳ ಐದು ಮೆಟ್ಟಿಲುಗಳು ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್. ಯುರೋಪಿನ ಇತರ ಕಡೆ ಕೌಂಟ್ ಎಂದು ಕರೆಯಿಸಿಕೊಳ್ಳುವವನ ಸ್ಥಾನದಲ್ಲಿ ಅಲ್ಲಿ ನಿಂತಿರುವವನೇ ಅರ್ಲ್. ಅರ್ಲ್ ಎಂಬುದು ಹಳೆಯ ಇಂಗ್ಲಿಷಿನ ಪದವಾದ್ದರಿಂದ ನಾರ್ಮನ್ನರು ಬಂದ ಮೇಲೂ ಉಳಿದುಕೊಂಡಿತು, ಆದರೆ ಅದಕ್ಕೆ ಹೆಣ್ಣು ರೂಪ ಇರಲಿಲ್ಲವಾಗಿ ಅರ್ಲ್‌ನ ಹೆಂಡತಿ ಇಂದಿಗೂ ಕೌಂಟೆಸ್. ಹಾಗಿರುವಾಗ ಒಂದೇ ದರ್ಜೆಗೆ ಒಂದು ಬಾಗಿಲಲ್ಲಿ 7,000, ಪಕ್ಕದ ಬಾಗಿಲಲ್ಲಿ 5,500 ಎಂದು ವಸೂಲು ಮಾಡುವುದು ಯಾವ ನ್ಯಾಯವೆಂದು ಪದಯಾತ್ರೆಯ ನಡುವೆ ಕೇಳಿದೆ. ಮಾಲೀಕರು ನಕ್ಕು, “ಅರ್ಲ್ ರೂಮಿಗೆ ಬಾಲ್ಕನಿ ಉಂಟಲ್ಲ ಅಂಕಲ್,” ಎಂದರು.

ಕೌಂಟ್ ಎಂಬ ಪದದ ಮೂಲ ಲ್ಯಾಟಿನ್ನಿನ ಕೋಮೆಸ್, ಅಂದರೆ ಜೊತೆಗಾರ. ಚಕ್ರವರ್ತಿಯ ಜೊತೆಯಲ್ಲಿ ಇರುವವನು. ಅಷ್ಟನ್ನು ಕಾರ್ಡ್ ಹೇಳುತ್ತದೆ. ಅದೇ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ನೂರು ವರ್ಷ ಬಿಳಿಯ ಪ್ಲಾಂಟರನ್ನು ಕರೆದ ‘ಸಾಹೇಬ’ ಎಂಬ ಅರಬಿ ಪದಕ್ಕೂ ಮೂಲದಲ್ಲಿ ಜೊತೆಗಾರನೆಂದೇ ಅರ್ಥವಿತ್ತು ಎಂಬುದನ್ನು ಹೇಳುವುದಿಲ್ಲ. ದೊಡ್ಡವರ ಪಕ್ಕದಲ್ಲಿ ನಿಂತವನು ಕ್ರಮೇಣ ತಾನೇ ದೊಡ್ಡವನಾಗುವ ಕಥೆ ರೋಮಿನಲ್ಲಿಯೂ ಅರಬ್ಬರಲ್ಲಿಯೂ ಒಂದೇ ಬಗೆಯಲ್ಲಿ ನಡೆದಿದೆ. ಇನ್ನು ಜೀಪ್ ಸವಾರಿಗೆ ಇಟ್ಟಿರುವ ‘ನಬಾಬ್’ ಎಂಬ ಹೆಸರು: ನವಾಬ ಎಂಬುದು ಅರಬಿಯ ನಾಯಿಬ್ ಎಂಬ ಪದದ ಬಹುವಚನ, ಅರ್ಥ ಪ್ರತಿನಿಧಿ, ಬೇರೊಬ್ಬರ ಪರವಾಗಿ ಕೆಲಸ ಮಾಡುವವನು. ಹದಿನೆಂಟನೆಯ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೌಕರಿಯಲ್ಲಿ ಹಣ ಮಾಡಿ ಊರಿಗೆ ಮರಳಿದವರನ್ನು ಇಂಗ್ಲಿಷರು ಹಂಗಿಸಲು ಬಳಸಿದ್ದು ಈ ನಬಾಬ್ ಎಂಬ ಮಾತನ್ನೇ. ಜೀಪಿನ ಬ್ರೇಕ್ ಚೆನ್ನಾಗಿತ್ತು.

ನಮ್ಮ ಕೋಣೆಯ ಬ್ಯಾರನ್ ಎಲ್ಲರಿಗಿಂತ ಬಡವ. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಆ ಪದಕ್ಕೆ ಗಂಡಸು, ಆಳು ಎಂದಷ್ಟೇ ಅರ್ಥ. ಇಂಥ ದೊರೆಯ ಆಳು ಎಂಬ ಮಾತಿನಿಂದ ಬಿರುದಾಗಿ ಬೆಳೆಯಿತು. ಕನ್ನಡದಲ್ಲಿ ‘ಆಳು’ ಎಂದರೆ ಸೇವಕನೂ ಹೌದು, ರಾಜ್ಯಭಾರ ಮಾಡು ಎಂಬ ಕ್ರಿಯೆಯೂ ಹೌದು. ಆಳಾಗಬಲ್ಲವನು ಅರಸನಾಗಬಲ್ಲನು ಎಂಬ ಗಾದೆಯನ್ನು ಈ ಕೋಣೆಯ ಕಾರ್ಡಿನ ಮೇಲೆ ಅಚ್ಚು ಹಾಕಿಸಿದ್ದರೆ ಬೇರೆ ವಿವರಣೆಯೇ ಬೇಕಿರಲಿಲ್ಲ.

ಹಜಾರದ ಮೂಲೆಯಲ್ಲಿರುವ ಬಾರಿನ ಹೆಸರು ‘ಸ್ನಾಬ್ಸ್ ಕಾರ್ನರ್’. ಅಲ್ಲಿ ಚೌಕಟ್ಟು ಹಾಕಿ ತೂಗು ಹಾಕಿರುವ ಎರಡು ಕಥೆಗಳನ್ನು ಮಾತ್ರ ಯಾರೂ ನಂಬಬಾರದು. ಕಾಲೇಜಿನ ಪಟ್ಟಿಯಲ್ಲಿ ಕುಲೀನರಲ್ಲದ ವಿದ್ಯಾರ್ಥಿಗಳ ಹೆಸರಿನ ಮುಂದೆ ‘ಕುಲವಿಲ್ಲದವನು’ ಎಂಬರ್ಥದ ಲ್ಯಾಟಿನ್ ಮಾತನ್ನು ಮೊಟಕು ಮಾಡಿ ಬರೆಯುತ್ತಿದ್ದರು, ಅದರಿಂದ ಸ್ನಾಬ್ ಹುಟ್ಟಿತು ಎಂಬುದು ಒಂದು ಕಥೆ. ಭಾರತಕ್ಕೆ ಹಡಗಿನಲ್ಲಿ ಬರುವಾಗ ಒಂದು ಮಗ್ಗುಲು, ಹೋಗುವಾಗ ಇನ್ನೊಂದು ಮಗ್ಗುಲು ಎಂದು ನೆರಳಿನ ಕಡೆಯ ಕೋಣೆ ಪಡೆದ ಸಿರಿವಂತರ ಟಿಕೆಟ್ಟಿನ ನಾಲ್ಕು ಇಂಗ್ಲಿಷ್ ಮೊದಲಕ್ಷರಗಳು ಸೇರಿ, ಸಿರಿವಂತರ ಠೀವಿಯುಳ್ಳದ್ದು ಎಂಬರ್ಥದ ‘ಪಾಶ್’ ಆಯಿತು ಎಂಬುದು ಇನ್ನೊಂದು. ಸ್ನಾಬ್ ಎಂದರೆ ಮೊದಲಿಗೆ ಚಪ್ಪಲಿ ಹೊಲಿಯುವವನು. ಮುಂದೆ ಕೇಂಬ್ರಿಜ್ಜಿನ ವಿದ್ಯಾರ್ಥಿಗಳು ಊರಿನ ಸಾಮಾನ್ಯ ಜನರನ್ನು ಹಾಗೆ ಕರೆದರು, ಆಮೇಲೆ ದೊಡ್ಡವರನ್ನು ಅನುಕರಿಸಲು ಹೆಣಗುವವನಿಗೆ ಆ ಹೆಸರು ಅಂಟಿತು. ಆ ನಾಲ್ಕಕ್ಷರ ಅಚ್ಚಾದ ಹಡಗಿನ ಟಿಕೆಟ್ಟಂತೂ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಪದವೊಂದನ್ನು ಅಕ್ಷರ ಅಕ್ಷರವಾಗಿ ಒಡೆದು ಕಥೆ ಕಟ್ಟುವ ಚಟ ನಮ್ಮ ಸ್ಥಳಪುರಾಣಗಳಿಗೂ ಇದೆಯಾದ್ದರಿಂದ ಮಾಲೀಕರನ್ನು ಹೆಚ್ಚು ದೂರಲಾರೆ. ಆದರೆ 400 ರೂಪಾಯಿ ತೆಗೆದುಕೊಂಡು ಹೇಳುವ ಮಾತಿಗೆ ಒಂದಿಷ್ಟು ಪರಿಶೀಲನೆ ಬೇಕು.

ಈಗ ಫಲಕದ ಮೇಲಿನ ಪದಕ್ಕೆ ಬರುತ್ತೇನೆ. ಈ ಮನೆ ನನಗೆ ಇಷ್ಟವಾದದ್ದೂ ಬೇಸರ ತರಿಸಿದ್ದೂ ಅದರಿಂದಲೇ. ಪದಯಾತ್ರೆಯಲ್ಲಿ ಮಾಲೀಕರು ಜೆಂಟ್ರಿ ಎಂದರೆ ಡ್ಯೂಕ್, ಅರ್ಲ್ ಮೊದಲಾದ ಎಲ್ಲ ಕುಲೀನರ ಒಟ್ಟು ಹೆಸರು ಎಂದು ವಿವರಿಸಿದರು. ಇಂಗ್ಲೆಂಡಿನ ರೂಢಿಯಲ್ಲಿ ಅದು ಹಾಗಲ್ಲ. ಬಿರುದು ಇದ್ದವರು ಪಿಯರ್‌ಗಳು. ಬಿರುದು ಇಲ್ಲದೆಯೂ ಭೂಮಿಯ ಗೇಣಿಯಿಂದ ಬದುಕುತ್ತ, ಕೈಕೆಸರು ಮಾಡಿಕೊಳ್ಳದೆ, ಊರಿನ ನ್ಯಾಯ ನೋಡಿಕೊಂಡು ಇರುತ್ತಿದ್ದ ಮನೆತನಗಳವರು ಜೆಂಟ್ರಿ. 1611ರಲ್ಲಿ ಒಂದನೆಯ ಜೇಮ್ಸ್ ಹಣಕ್ಕಾಗಿ ಮಾರತೊಡಗಿದ ಬ್ಯಾರೊನೆಟ್ ಎಂಬ ಬಿರುದನ್ನು ಕೊಂಡವರು ಕೂಡ ಪಿಯರ್ ಆಗಲಿಲ್ಲ. ಆದ್ದರಿಂದ ಹೊರಗೆ ಜೆಂಟ್ರಿ ಎಂದು ಬರೆದು ಒಳಗೆ ಡ್ಯೂಕ್ ಕೋಣೆ ತೋರಿಸುವುದು, ಹೊರಗೆ ದರ್ಶಿನಿ ಎಂದು ಬರೆದು ಒಳಗೆ ಎಲೆ ಹಾಕಿ ಕೂರಿಸಿದಂತೆ. ಕೊಡುವುದು ಹೆಚ್ಚೇ ಇರಬಹುದು, ಹೆಸರು ಅದಲ್ಲ.

ಪದದ ಮೂಲದ ಬಗ್ಗೆ ಅವರು ‘ಜೆಂಟಲ್, ಅಂದರೆ ಮೃದು ಸ್ವಭಾವದವರು’ ಎಂದು ಮುಗಿಸಿಬಿಟ್ಟರು. ಮೃದುತನ ಬಹಳ ತಡವಾಗಿ ಬಂದ ಅರ್ಥ. ಹಳೆಯ ಫ್ರೆಂಚಿನ ಜೆಂಟಿಲ್ ಎಂದರೆ ಒಳ್ಳೆಯ ಕುಲದಲ್ಲಿ ಹುಟ್ಟಿದವನು. ಅದರ ಹಿಂದಿರುವುದು ಲ್ಯಾಟಿನ್ನಿನ ಗೆನ್ಸ್, ಅಂದರೆ ಒಬ್ಬನೇ ಮೂಲಪುರುಷನಿಂದ ಬಂದೆವೆಂದು ಹೇಳಿಕೊಳ್ಳುವ, ಒಂದೇ ಮನೆಹೆಸರನ್ನು ಹೊತ್ತ, ತಮ್ಮದೇ ಆದ ಪೂಜೆಯನ್ನು ಉಳಿಸಿಕೊಂಡ ಗಂಡುಸಂತತಿಯ ಕುಲ. ಜೂಲಿಯಸ್ ಸೀಸರ್ ಎಂಬ ಹೆಸರಿನಲ್ಲಿ ಜೂಲಿಯಸ್ ಎಂಬುದು ಗೆನ್ಸ್‌ನ ಹೆಸರು. ಈ ವಿವರಣೆಯನ್ನು ಕೊಡಗಿನ ಯಾವುದೇ ಜಗಲಿಯಲ್ಲಿ ಕುಳಿತು ಓದಿದರೆ ಪಕ್ಕದಲ್ಲಿರುವವರು, “ಓಹೋ, ಒಕ್ಕ!” ಎನ್ನುತ್ತಾರೆ; ಕೊಡವರು ಕುಲವನ್ನು ಕರೆಯುವುದು ಹಾಗೆಯೇ. ಮನೆಹೆಸರಾದ ಮನೆಪೆದ, ಕುಲದ ಮೂಲಮನೆಯಾದ ಐನ್‌ಮನೆ, ಮೂಲಪುರುಷನಿಗೆ ನಡೆದುಕೊಳ್ಳುವ ಗುಡಿಯಾದ ಕೈಮಡ, ಮನೆತನದ ಹಿರಿಯನಾದ ಪಟ್ಟೆದಾರ, ಇಷ್ಟೂ ಇಲ್ಲಿಯೇ ಇವೆ. ಒಕ್ಕಲು, ಒಕ್ಕಲುತನ ಎಂಬ ಮಾತುಗಳನ್ನು ಬಲ್ಲ ಬಯಲುಸೀಮೆಯ ಓದುಗರಿಗೂ ಒಕ್ಕ ಎಂಬುದು ಪೂರ್ತಿ ಅಪರಿಚಿತವಾಗಿ ಕೇಳಿಸದು.

ಇನ್ನೂ ಒಂದು ಮೆಟ್ಟಿಲು ಕೆಳಗಿಳಿಯಬಹುದು. ಲ್ಯಾಟಿನ್ನಿನ ಗೆನ್ಸ್ ಮತ್ತು ಸಂಸ್ಕೃತದ ಜನ, ಜನ್ಮ, ಜಾತಿ, ಅಭಿಜಾತ ಇವೆಲ್ಲ ಹುಟ್ಟು ಎಂಬ ಅರ್ಥದ ಒಂದೇ ಪ್ರಾಚೀನ ಧಾತುವಿನ ಮಕ್ಕಳು. ಕೊಡಗಿನಲ್ಲಿ ಆ ಜನ್ಮ ಎಂಬ ಪದ ಸವೆದು ಏನಾಯಿತೆಂದರೆ ‘ಜಮ್ಮ’ ಆಯಿತು. ರಾಜರ ಕಾಲದಲ್ಲಿ ಕರೆದಾಗ ಆಯುಧ ಹಿಡಿದು ಬರಬೇಕೆಂಬ ಕರಾರಿನ ಮೇಲೆ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಿಟ್ಟ, ಸಾಗು ಎಂಬ ಸಾಮಾನ್ಯ ಹಿಡುವಳಿಯ ಕಂದಾಯದ ಅರ್ಧಕ್ಕೆ ಅನುಭವಿಸುತ್ತಿದ್ದ ಭೂಮಿಯೇ ಜಮ್ಮ; ಗದ್ದೆಗೆ ಸೊಪ್ಪು, ಸೌದೆ, ಮೇವು ಒದಗಿಸಲು ಅದಕ್ಕೆ ಹೊಂದಿಕೊಂಡ ಕಾಡಿನ ತುಂಡು ಬಾಣೆ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಬ್ರಿಟಿಷರು ಅರಸೊತ್ತಿಗೆಯನ್ನು ಅಳಿಸಿದರೇ ಹೊರತು ಜಮ್ಮವನ್ನು ಅಳಿಸಲಿಲ್ಲ. ಜಮ್ಮ ಹಿಡುವಳಿದಾರರಿಗೆ ಕೋವಿಯ ಪರವಾನಗಿಯಿಂದ ಸಿಕ್ಕ ವಿನಾಯಿತಿ ಇಂದಿಗೂ ಚರ್ಚೆಯಲ್ಲಿರುವ ಸಂಗತಿ. ಅಂದರೆ ಜೆಂಟ್ರಿಯೂ ಜಮ್ಮವೂ ಬೇರಿನಲ್ಲಿ ದಾಯಾದಿಗಳು. ಆ ಬಂಗಲೆಯ ಹಿಂದಿನ ಗದ್ದೆಯ ಕಾಗದಪತ್ರದಲ್ಲಿ ಜಮ್ಮ ಎಂದೇ ಇದೆಯೆಂದು ಮಾಲೀಕರು ತಾವಾಗಿಯೇ ಹೇಳಿದರು. ತಮ್ಮ ಕಪಾಟಿನೊಳಗೆ ಇರುವ ಪದದ ಸೋದರನನ್ನು ಅವರು ಫಲಕಕ್ಕಾಗಿ ಲಂಡನ್ನಿನಿಂದ ತರಿಸಿಕೊಂಡಂತಾಯಿತು.

ಬೇರು ಒಂದಾದರೂ ಬದುಕು ಒಂದಲ್ಲ ಎಂಬುದನ್ನು ಇಲ್ಲಿ ಹೇಳದಿದ್ದರೆ ನಾನೂ ಅವರಂತೆಯೇ ಕಾರ್ಡ್ ಬರೆದಂತಾಗುತ್ತದೆ. ಇಂಗ್ಲೆಂಡಿನ ಜೆಂಟ್ರಿ ಮನೆಗಳಲ್ಲಿ ಆಸ್ತಿ ಹಿರಿಮಗನಿಗೆ ಹೋಗುವುದು ರೂಢಿ, ಕಿರಿಯರು ಸೈನ್ಯವನ್ನೋ ಚರ್ಚನ್ನೋ ಕಡಲಾಚೆಯ ತೋಟವನ್ನೋ ಹುಡುಕಿಕೊಳ್ಳಬೇಕು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ ಮೇಲೆ ಹಡಗಿಳಿದು ಬಂದ ಪ್ಲಾಂಟರುಗಳ ಹಿಂದೆ ಇಂಥ ಕಾರಣಗಳೂ ಇದ್ದವು. ಜಮ್ಮದಲ್ಲಿ ಹಾಗಿಲ್ಲ: ಭೂಮಿ ಇಡೀ ಒಕ್ಕಕ್ಕೆ ಸೇರಿದ್ದು, ಪಟ್ಟೆದಾರ ಹೆಸರಿಗೆ ಮುಂದಿರುವವನು, ಮಾರುವ ಸ್ವಾತಂತ್ರ್ಯ ಅವನಿಗೂ ಇರಲಿಲ್ಲ. ಅಲ್ಲದೆ ಕೈಕೆಸರು ಮಾಡಿಕೊಳ್ಳದಿರುವುದು ಒಬ್ಬರಿಗೆ ಗೌರವವಾದರೆ, ಇಲ್ಲಿ ಸುಗ್ಗಿಯ ಹಬ್ಬವಾದ ಪುತ್ತರಿಯ ರಾತ್ರಿ ಗದ್ದೆಗಿಳಿದು ಕದಿರು ಕೊಯ್ಯದ ಯಜಮಾನನಿಗೆ ಹಬ್ಬವೇ ಇಲ್ಲ.

ಅದೇ ಗೆನ್ಸ್‌ನ ಇನ್ನೊಂದು ಸಂತಾನ ನಮ್ಮ ಕಡೆಗೆ ಬಂದ ಬಗೆಯನ್ನು ಕೇಳಿ ಭಾವ ನಕ್ಕರು. ಕ್ರೈಸ್ತರ ಲ್ಯಾಟಿನ್ನಿನಲ್ಲಿ ಗೆಂಟಿಲಿಸ್ ಎಂದರೆ ಹೊರಗಿನ ಕುಲದವನು, ಅನ್ಯಧರ್ಮೀಯ ಎಂಬ ಅರ್ಥ ಬಂದಿತ್ತು. ಪೋರ್ಚುಗೀಸರ ಬಾಯಲ್ಲಿ ಅದು ಜೆಂಟಿಯೊ ಆಗಿ, ಇಂಗ್ಲಿಷರ ಬಾಯಲ್ಲಿ ಜೆಂಟೂ ಆಗಿ ಹಿಂದೂಗಳ ಹೆಸರಾಯಿತು. 1776ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಹಿಂದೂ ಧರ್ಮಶಾಸ್ತ್ರದ ಸಂಗ್ರಹಕ್ಕೆ ಜೆಂಟೂ ಕಾನೂನು ಎಂದೇ ಹೆಸರು, ಮದರಾಸಿನ ಕಡೆ ತೆಲುಗು ಭಾಷೆಗೂ ಜೆಂಟೂ ಎನ್ನುತ್ತಿದ್ದರು. ಒಂದೇ ಬೇರಿನಿಂದ ತಮಗೆ ಜೆಂಟ್ರಿ, ನಮಗೆ ಜೆಂಟೂ. ಫಲಕದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಇದು ನೆನಪಾಗಿ ನನ್ನ ಮುಖ ಸ್ವಲ್ಪ ಹುಳ್ಳಗೆ ಬಂದಿದೆ.

ಅರಿಸ್ಟೋಕ್ರಾಟ್ ಎಂಬ ಪದದ ಮೇಲೆ ಪದಯಾತ್ರೆಯಲ್ಲಿ ಹತ್ತು ನಿಮಿಷ ಹೋಯಿತು, ಅದು ಮಾತ್ರ ಉತ್ತಮ ಭಾಗ. ಗ್ರೀಕಿನ ಅರಿಸ್ಟೋಸ್ ಎಂದರೆ ಅತ್ಯುತ್ತಮ, ಕ್ರಾಟೋಸ್ ಎಂದರೆ ಅಧಿಕಾರ. ಮೊದಲಿಗೆ ಅದು ಒಂದು ವರ್ಗದ ಹೆಸರಲ್ಲ, ಆಡಳಿತದ ಒಂದು ಬಗೆ. ವ್ಯಕ್ತಿಯನ್ನು ಅರಿಸ್ಟೋಕ್ರಾಟ್ ಎಂದು ಕರೆಯುವುದು ಫ್ರೆಂಚ್ ಕ್ರಾಂತಿಯ ಹೊತ್ತಿನಲ್ಲಿ ಬೈಗುಳದಂತೆ ಹಬ್ಬಿತು ಎಂದು ಮಾಲೀಕರು ಹೇಳಿದ್ದು ಅಚ್ಚುಕಟ್ಟಾಗಿತ್ತು. ಅರಿಸ್ಟೋಸ್ ಎಂಬುದರ ಇನ್ನೂ ಹಳೆಯ ಅರ್ಥ ‘ಅತ್ಯಂತ ಹೊಂದುವವನು’ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಊರಿನ ಹಿರಿಯನನ್ನು ‘ತಕ್ಕ’ ಎಂದು ಕರೆಯುವ ನಾಡಿನಲ್ಲಿ ನಿಂತು ಅದನ್ನು ಕೇಳುವ ಸೊಗಸೇ ಬೇರೆ. ಸಂಸ್ಕೃತದಲ್ಲಿಯೂ ಅತ್ಯುತ್ತಮ ಎಂಬರ್ಥದ ಶ್ರೇಷ್ಠ ಎಂಬ ಪದದಿಂದ ಶ್ರೇಷ್ಠಿ ಹುಟ್ಟಿ, ಸವೆದು ಶೆಟ್ಟಿಯಾಯಿತು. ಗ್ರೀಕರು ಶ್ರೇಷ್ಠನನ್ನು ಸಿಂಹಾಸನದ ಬಳಿ ಕೂರಿಸಿದರೆ ನಾವು ಅಂಗಡಿಯ ಗಲ್ಲಾದಲ್ಲಿ ಕೂರಿಸಿದೆವು.

ಊಟದ ವಿಷಯವನ್ನು ಇಷ್ಟು ಹೊತ್ತು ಹಿಡಿದಿಟ್ಟದ್ದಕ್ಕೆ ಕಾರಣವಿದೆ. ಮನೆಯ ಎಲ್ಲ ಕಾರ್ಡ್‌ಗಳಲ್ಲಿ ಇಲ್ಲದೇ ಹೋದ ಪದ ‘ಲಾರ್ಡ್’. ಅದು ಹಳೆಯ ಇಂಗ್ಲಿಷಿನಲ್ಲಿ ಹ್ಲಾಫ್‌ವೇರ್ಡ್ ಎಂದಿತ್ತು: ಹ್ಲಾಫ್ ಎಂದರೆ ರೊಟ್ಟಿ, ವೇರ್ಡ್ ಎಂದರೆ ಕಾಯುವವನು. ಲೇಡಿ ಎಂಬುದು ಹ್ಲಾಫ್‌ಡಿಗೆ, ರೊಟ್ಟಿಯ ಹಿಟ್ಟು ನಾದುವವಳು. ಆ ಮನೆಯನ್ನು ನಂಬಿಕೊಂಡವನು ಹ್ಲಾಫ್‌ಎಟಾ, ರೊಟ್ಟಿ ತಿನ್ನುವವನು. ಹಳಗನ್ನಡದ ಶಾಸನಗಳಲ್ಲಿ ಬರುವ ‘ಜೋಳವಾಳಿ’, ಅಂದರೆ ಒಡೆಯನ ಜೋಳ ತಿಂದ ಋಣಕ್ಕೆ ಅವನಿಗಾಗಿ ಹೋರಾಡುವ ಕಟ್ಟುಪಾಡು, ಇದೇ ಲೆಕ್ಕದ ಇನ್ನೊಂದು ಪುಟ. ಆದುದರಿಂದ ದೊಡ್ಡ ಮನೆತನದ ಆತಿಥ್ಯ ಎಂದು ಬರೆದುಕೊಂಡವರನ್ನು ನಾನು ಅಳೆಯುವುದು ಕುರ್ಚಿಯ ಕೆತ್ತನೆಯಿಂದಲ್ಲ, ರೊಟ್ಟಿಯಿಂದ.

ರೊಟ್ಟಿ ಅಲ್ಲಿ ಅಪ್ಪಟವಾಗಿತ್ತು. ಮೊದಲ ಸಂಜೆ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಗ ಅಡುಗೆಯ ಅಕ್ಕ ಅಕ್ಕಿ ಒಟ್ಟಿಗೆ ಹಿಟ್ಟು ನಾದುತ್ತಿದ್ದರು. ಬೆಂದ ಅನ್ನವನ್ನು ಬಿಸಿ ಆರುವ ಮೊದಲೇ ಅಕ್ಕಿ ಹಿಟ್ಟಿನೊಡನೆ ಸೇರಿಸಿ, ಮರಿಗೆಯ ಅಂಚಿಗೆ ಅಂಗೈಯ ಬುಡದಿಂದ ಒತ್ತಿ, ಮಡಚಿ, ಮತ್ತೆ ಒತ್ತಿ, ನಡುನಡುವೆ ಎರಡು ಬೆರಳಿನ ನಡುವೆ ಚೂರನ್ನು ಉಜ್ಜಿ ನೋಡುತ್ತಿದ್ದರು. “ಅಗುಳು ಸಿಕ್ಕಿದ್ರೆ ಉಬ್ಬುದಿಲ್ಲ,” ಎಂದರು. ಕಾವಲಿಯ ಮೇಲೆ ಅರೆಬೆಂದ ಒಟ್ಟಿಯನ್ನು ಎತ್ತಿ ಕೆಂಡದ ಮೇಲಿಟ್ಟ ಕೂಡಲೇ ಅದು ಒಂದು ಮೂಲೆಯಿಂದ ಉಸಿರೆಳೆದುಕೊಂಡು ಚೆಂಡಾಯಿತು. ಬೂದಿಯ ಎರಡು ಕಪ್ಪು ಚುಕ್ಕೆಗಳನ್ನು ಸೆರಗಿನ ತುದಿಯಿಂದ ತಟ್ಟಿ ತಟ್ಟೆಗೆ ಹಾಕಿದರು. ಹ್ಲಾಫ್‌ಡಿಗೆ ಎಂಬ ಪದಕ್ಕೆ ಇದಕ್ಕಿಂತ ಸ್ಪಷ್ಟವಾದ ಅರ್ಥವನ್ನು ನಾನು ಬೇರೆಲ್ಲೂ ಕಂಡಿಲ್ಲ. ಅದರ ಜೊತೆಗೆ ಕಾಚಂಪುಳಿಯ ಕಪ್ಪು ಹುಳಿ ಕೊನೆಯಲ್ಲಿ ಬಿದ್ದ ಪಂದಿ ಕರಿ, ಮಾಂಸ ತಿನ್ನದ ನನ್ನ ಅಕ್ಕನಿಗೆ ಎಳ್ಳು ಪಜ್ಜಿ ಮತ್ತು ಕುಂಬಳಕಾಯಿಯ ಪಲ್ಯ. ಎರಡನೆಯ ರಾತ್ರಿಯ ಕಡುಂಬುಟ್ಟು, ಅಂದರೆ ಅಕ್ಕಿ ತರಿಯ ಕಡುಬು, ಮಧ್ಯಾಹ್ನದ್ದನ್ನೇ ಬಿಸಿ ಮಾಡಿದ್ದು, ನಡುವೆ ಗಟ್ಟಿಯಾಗಿತ್ತು. ‘ನೋಬಲ್ ಬ್ರೇಕ್‌ಫಾಸ್ಟ್’ ಎಂಬ ತಿಂಡಿಯಲ್ಲಿ ಒತ್ತು ಶಾವಿಗೆಯಂಥ ನೂಪುಟ್ಟು ಹಿತವಾಗಿತ್ತು, ಬ್ರೆಡ್ಡು ಯಾರಿಗೂ ಬೇಕಿರಲಿಲ್ಲ. ನೋಬಲ್ ಎಂದರೆ ಲ್ಯಾಟಿನ್ನಿನಲ್ಲಿ ಹೆಸರುವಾಸಿ, ಎಲ್ಲರಿಗೂ ಗೊತ್ತಿರುವವನು. ನಮ್ಮ ಜ್ಞಾನ ಎಂಬ ಪದದ ಸೋದರ. ಹಾಗೆ ನೋಡಿದರೆ ಆ ತಟ್ಟೆಯಲ್ಲಿ ನೋಬಲ್ ಆಗಿದ್ದದ್ದು ನೂಪುಟ್ಟು ಒಂದೇ.

ಕಾಫಿಯ ವಿಷಯದಲ್ಲಿ ಕ್ಷಮೆಯಿಲ್ಲ. ಕಣದಲ್ಲಿ ಹಣ್ಣು ಒಣಗುತ್ತಿರುವಾಗ ಹಜಾರದ ಬೆಳ್ಳಿಯ ಬಣ್ಣದ ಪಾತ್ರೆಯಲ್ಲಿ ಬಂದದ್ದು ಅರ್ಧಕ್ಕರ್ಧ ಚಿಕೋರಿ. ಅದೇ ಹೊತ್ತಿಗೆ ಅಡುಗೆಮನೆಯಲ್ಲಿ ಕೆಲಸದವರಿಗೆಂದು ಬೆಲ್ಲ ಹಾಕಿ ಕುದಿಸಿದ ಕಪ್ಪು ಕಾಫಿ ಲೋಟ ಲೋಟ ಹೋಗುತ್ತಿತ್ತು. ಎರಡನೆಯ ದಿನದಿಂದ ನಾನು ಅದನ್ನೇ ಕೇಳಿ ಕುಡಿದೆ, ಬಿಲ್ಲಿನಲ್ಲಿ ಅದಕ್ಕೆ ಹಣ ಹಾಕಲಿಲ್ಲ.

ದೊಡ್ಡ ದೂರು ಇನ್ನೊಂದಿದೆ. ಭಾವನ ಕಾರು ಓಡಿಸಿಕೊಂಡು ಬಂದ ಹುಡುಗನಿಗೆ ಹಜಾರದಲ್ಲಿ ಊಟವಿಲ್ಲ, ಲೈನ್ ಮನೆಯ ಪಕ್ಕದ ಷೆಡ್ಡಿನಲ್ಲಿ ಬೇರೆ ಅಡುಗೆ, ಅದಕ್ಕೆ 250 ರೂಪಾಯಿ ಎಂಬ ನಿಯಮವನ್ನು ತೋಟದ ಲೆಕ್ಕ ಬರೆಯುವ ರೈಟರ್ ನಮಗೆ ಮೊದಲ ರಾತ್ರಿಯೇ ತಿಳಿಸಿದರು. ಭಾವ ಮಾತಾಡದೆ ಹಣ ಕೊಡಲು ಹೊರಟರು. ನಾನು ಹ್ಲಾಫ್‌ಎಟಾ ಎಂಬ ಪದವನ್ನು ವಿವರಿಸಲು ಹೊರಟೆ, ಅದು ಎಷ್ಟು ಕೆಲಸ ಮಾಡೀತು ಎಂಬುದನ್ನು ಓದುಗರು ಊಹಿಸಬಲ್ಲರು. ಕೊನೆಗೆ ಒಳಗಿನಿಂದ ಅಡುಗೆಯ ಅಕ್ಕ, “ಆ ಹುಡುಗ ಆಗ್ಲೇ ಉಂಡಾಯ್ತು,” ಎಂದು ಕೂಗಿ ಹೇಳಿದರು; ಹೋಗಿ ನೋಡಿದರೆ ಅವನು ಒಲೆಯ ಪಕ್ಕದ ಮಣೆಯ ಮೇಲೆ ಕುಳಿತು ಮೂರನೆಯ ಒಟ್ಟಿಯಲ್ಲಿದ್ದ. ಬಿಲ್ಲಿನಲ್ಲಿ ಮಾತ್ರ 250 ಹಾಗೆಯೇ ಇತ್ತು. ಕೇಳಿದ ಮೇಲೆ ಹೊಡೆದು ಹಾಕಿದರು.

ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಬ್ಯಾರನ್ ಕೋಣೆಯನ್ನೇ ಕೇಳಿ, ವಾರದ ನಡುವೆ ಹೋಗಿ, ಸಂಜೆ ಆರಕ್ಕೆ ಅಡುಗೆಮನೆಯ ಬಾಗಿಲಲ್ಲಿ ನಿಲ್ಲಿ. ಪದಯಾತ್ರೆಗೆ ಸೇರಿ, ಆದರೆ ಬಾರಿನ ಮೂಲೆ ಬಂದಾಗ ಕಿವಿ ಮುಚ್ಚಿಕೊಳ್ಳಿ. ಡ್ರೈವರ್ ಇದ್ದರೆ ಅವರ ಊಟ ಎಲ್ಲಿ ಎಂಬುದನ್ನು ಕೋಣೆ ಕಾದಿರಿಸುವಾಗಲೇ ಇತ್ಯರ್ಥ ಮಾಡಿಕೊಳ್ಳಿ.

ಹೊರಡುವ ದಿನ ಮಾಲೀಕರು ಕಾರ್ಡ್‌ಗಳ ಕಟ್ಟನ್ನೇ ನನ್ನ ಕೈಗಿತ್ತು ತಿದ್ದಿಕೊಡಿ ಎಂದರು. ಕೆಂಪು ಶಾಯಿಯ ಪೆನ್ನು ನನ್ನ ಜೇಬಿನಲ್ಲಿಯೇ ಇತ್ತು. ಅರ್ಲ್ ಮತ್ತು ಕೌಂಟ್ ಒಂದೇ ದರ್ಜೆ ಎಂದು ಎರಡೂ ಕಾರ್ಡಿನಲ್ಲಿ ಬರೆದು, ಜೆಂಟ್ರಿಯ ಕಾರ್ಡಿನ ಹಿಂಬದಿಗೆ ಒಕ್ಕ, ಜಮ್ಮ ಎಂಬ ಎರಡು ಪದಗಳನ್ನು ಸೇರಿಸಿ ಬಂದೆ. ಕಳೆದ ವಾರ ಫೋನ್ ಮಾಡಿದ್ದರು. ಹೊಸ ಕಾರ್ಡ್‌ಗಳು ಅಚ್ಚಾಗಿವೆಯಂತೆ, ಸ್ನಾಬ್‌ನ ಚೌಕಟ್ಟನ್ನು ಇಳಿಸಿದ್ದಾರಂತೆ, ಡ್ರೈವರ್‌ಗಳ ಊಟದ ಬಗ್ಗೆ ಮನೆಯವರೊಡನೆ ಮಾತಾಡುತ್ತಿದ್ದಾರಂತೆ. ನನ್ನ ತಿದ್ದುಪಡಿಯನ್ನು ಪೂರ್ತಿ ಒಪ್ಪಿಕೊಂಡು, ಕೌಂಟ್ ಕೋಣೆಯ ದರವನ್ನೂ 7,000ಕ್ಕೆ ಏರಿಸಿದ್ದಾರಂತೆ.